ಕೈಯಿಂದ ಎತ್ತಲಾಗದ ಕಾರು

ಮೊನ್ನೆ ವಿಜಯವಾಡದ ನಮ್ಮ ಶೆಡ್ಡಿಗೆ ಒಂದು ನೀಲಿ ಸ್ಪೋರ್ಟ್ಸ್ ಸೆಡಾನ್ ಬಂತು. ಡಿಕ್ಕಿಯ ಮೇಲಿನ ಹೆಸರು ನೋಡಿ ಹಳೆಯ ಪರಿಚಯದವರು ಸಿಕ್ಕಷ್ಟು ಖುಷಿಯಾಯಿತು. ಅಷ್ಟರಲ್ಲಿ ಅದು ಕನ್ನಡಿಗಳನ್ನು ಮಡಚಿಕೊಂಡು, ಲಿಫ್ಟಿನ ಎರಡು ಕಂಬಗಳ ನಡುವೆ ಮೈ ಹಿಡಿಮಾಡಿಕೊಂಡು ನುಸುಳತೊಡಗಿತು. ಹೆಸರು ಅದೇ, ಕಾರು ಅದಲ್ಲ; ಮೈ ಎಷ್ಟೋ ಬೆಳೆದಿತ್ತು.

ನಾನೇನು ಕಡಿಮೆ ಬೆಳೆದಿಲ್ಲ ಅನ್ನಿ. ಮದುವೆಯ ಅಂಗಿಯ ಗುಂಡಿಗೂ ಅದರ ಕಾಜಕ್ಕೂ ಈಗ ಮಾತುಕತೆಯೇ ಇಲ್ಲ. ಆದರೆ ನನ್ನ ಹೊಟ್ಟೆಯ ಕೆಳಗೆ ಯಾರೂ ನಿಂತು ಕೆಲಸ ಮಾಡಬೇಕಾಗಿಲ್ಲ.

ಏಳನೇ ಇಯತ್ತೆಗೆ ಶಾಲೆ ಬಿಟ್ಟು ಗದಗಿನಿಂದ ವಿಶಾಖಪಟ್ಟಣಕ್ಕೆ ಹೋದವನು ನಾನು. ಬಂದರಿನ ಗೋಡೆಗೆ ಅಂಟಿಕೊಂಡಿದ್ದ ಗ್ಯಾರೇಜಿನಲ್ಲಿ ಕೆಲಸ. ನಾನು ಬಿಚ್ಚಿ ಜೋಡಿಸಿದ ಗಾಡಿ ಅದೇ ದೂರು ಹೊತ್ತು ಮರಳಿ ಬಂದದ್ದಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ. ಇದೇ ಹೆಸರಿನ ಕಾರನ್ನು ಮೊದಲು ಕಂಡದ್ದು ಅಲ್ಲಿ. ಸಣ್ಣದು, ನೆಲಕ್ಕೆ ಹತ್ತಿಕೊಂಡಂಥದ್ದು. ಬಾಗಿಲನ್ನು ಒಂದು ಬೆರಳಿನಿಂದ ಹಾಕಬಹುದಿತ್ತು.

ಒಂದು ದಿನ ಅದರ ಕೆಳಗೆ ಮಲಗಿದ್ದೆ. ಜಾಕಿನ ಹಿಡಿ ಒತ್ತುತ್ತಿದ್ದವನು ಜೊತೆಗಾರ ಅಪ್ಪಲರಾಜು. ಆಯಿಲ್ ಸೋರಿ ಜಾಕ್ ಮೆಲ್ಲಗೆ ಇಳಿಯುತ್ತಿರುವುದು ನನಗೆ ಮಾತ್ರ ಕಾಣುತ್ತಿತ್ತು. ಬೇಗ ಬೇಗ ಒತ್ತಲಿ ಎಂದು, “ಚಾಲೂ ಮಾಡಪಾ! ಚಾಲೂ! ಚಾಲೂ!” ಎಂದು ಕಿರುಚಿದೆ. ನಮ್ಮಲ್ಲಿ ಚಾಲೂ ಅಂದರೆ ಶುರು, ತೆಲುಗಿನಲ್ಲಿ ಚಾಲು ಅಂದರೆ ಸಾಕು. ಪಾಪ, ಅವನು ಕೈ ಬಿಟ್ಟ.

ಕಾರು ಎದೆಯ ಮೇಲೆ ಕುಳಿತಿತು. ಕೂಗಲು ಉಸಿರಿರಲಿಲ್ಲ. ಅಪ್ಪಲರಾಜು, ಪಕ್ಕದ ಚಹಾದಂಗಡಿಯ ಮೂವರು ಓಡಿಬಂದು ಅಂಚಿಗೆ ಕೈ ಹಾಕಿ ಎತ್ತಿದರು. ಬರಿಗೈಯಿಂದ. ಯಾರೋ ಕಾಲು ಹಿಡಿದು ಎಳೆದರು.

“ಚಾಲು ಅನ್ನಾವು ಕದರಾ!” ಎಂದು ಅಪ್ಪಲರಾಜು ಅಳುತ್ತಲೇ ನನ್ನನ್ನು ಬೈದ. ನೀನೇ ಸಾಕು ಅಂದೆಯಲ್ಲೋ! “ನಿಮ್ಮೂರಲ್ಲಿ ಸಾಯೋದನ್ನೂ ಚಾಲೂ ಮಾಡ್ತಾರಾ?” ಎಂದು, ನಾನು ಅರ್ಥ ಬಿಡಿಸಿ ಹೇಳಿದ ಮೇಲೆ, ಚಹಾದವನು ಕೇಳಿದ. ಎಲ್ಲರೂ ನಕ್ಕರು. ಪಕ್ಕೆ ನೋಯುತ್ತಿದ್ದರೂ ನಾನೂ ನಕ್ಕೆ.

ಆಮೇಲೆ ವಿಜಯವಾಡಕ್ಕೆ ಬಂದು ಸ್ವಂತ ಶೆಡ್ಡು ಹಾಕಿದೆ. ಈಗ ಅದನ್ನು ನಡೆಸುವವಳು ನನ್ನ ಮಗಳು ದುರ್ಗಾ, ಇಲ್ಲಿನ ಇಂದ್ರಕೀಲಾದ್ರಿ ಬೆಟ್ಟದ ಅಮ್ಮನ ಹೆಸರಿನವಳು. ಡಿಪ್ಲೊಮಾ ಮಾಡಿದ್ದಾಳೆ. ಅವಳ ಬಾಯಲ್ಲಿ ತೆಲುಗೇ ಮುಂದೆ. ಕನ್ನಡ ನನ್ನ ಜೊತೆ ಮಾತ್ರ, ಅದೂ ಮನಸ್ಸು ಬಂದಾಗ. ನೀಲಿ ಕಾರನ್ನು ಮೇಲೇರಿಸಿದಳು. ಬ್ಯಾಟರಿ, ಏರ್‌ಬ್ಯಾಗು, ಅಗಲದ ಟೈರು, ಎಲ್ಲ ಹೊತ್ತ ಮೈ. ಲಿಫ್ಟು ಹಿಂದೆಂದೂ ಮಾಡದ ಸದ್ದೊಂದನ್ನು ಮಾಡಿತು, ತುಂಬಿದ ಮೂಟೆ ಹೊತ್ತವನ ಮೂಗಿನಿಂದ ಬರುವಂಥದ್ದು. ಅವಳು ಸ್ಪ್ಯಾನರ್ ಹಿಡಿದು ಕೆಳಗೆ ಹೋಗಿ ನಿಂತಳು.

ನನ್ನ ಕಣ್ಣು ಸುಮ್ಮನೆ ಬೀದಿಯತ್ತ ಹೋಯಿತು. ಟೈರ್ ಅಂಗಡಿಯವರು, ಬಜ್ಜಿ ಬಂಡಿಯವನು, ಆಟೋದವರು. ಎಲ್ಲರೂ ಓಡಿಬಂದರೂ ಇದನ್ನು ಎತ್ತಲಾರರು. ಇಡೀ ಬೀದಿ ಬಂದರೂ.

“ಹೊರಗ ಬಾ” ಎಂದು ಮಗಳನ್ನು ಕರೆದೆ.

“ಏಂಟಿ ನಾನ್ನಾ? ಏನಾತಪ್ಪಾ? ಲಿಫ್ಟಿಗೆ ಇನ್ನೂ ತಾಕತ್ತು ಐತಿ. ಪ್ಲೇಟ್ ಮ್ಯಾಲೆ ಬರದಾರ, ಓದು.”

“ಬಾ ಅಂದ್ರ ಬಾ!”

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅವಳು ಬಂದಳು. ಕಾರನ್ನು ಇಳಿಸಿ, ಅದರ ಯಜಮಾನರಿಗೆ, “ಇದು ನಮ್ಮಿಂದ ಆಗಲ್ಲ ಸರ್, ದೊಡ್ಡ ಕಡೆ ತೋರಿಸಿ” ಎಂದೆ. ಇಷ್ಟು ವರ್ಷಗಳಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಅವರು ನನ್ನ ಮುಖ ನೋಡಿ, ದೊಡ್ಡ ಗ್ಯಾರೇಜುಗಳಿರುವ ಗನ್ನವರಂ ದಾರಿ ಹಿಡಿದರು.

ದುರ್ಗಾಳಿಗೆ ಸಿಟ್ಟು ನೆತ್ತಿಗೇರಿತ್ತು. ಸ್ಪ್ಯಾನರುಗಳನ್ನು ಡಬ್ಬಕ್ಕೆ ಒಂದೊಂದಾಗಿ ಎಸೆದಳು. ಬೈಯುತ್ತಾಳೆ, ತೆಲುಗಿನಲ್ಲೇ ಬೈಯುತ್ತಾಳೆ ಎಂದು ತಲೆ ತಗ್ಗಿಸಿ ಕುಳಿತೆ. ಅವಳ ಕಣ್ಣು ನನ್ನ ಕೈಗಳ ಮೇಲೆ ಬಿತ್ತು. ಅವು ಅಂದು ಕಾರು ಕುಳಿತಿದ್ದ ಎದೆಯನ್ನು ಒತ್ತಿ ಹಿಡಿದಿದ್ದವು. ಹತ್ತಿರ ಬಂದು ಸ್ಟೂಲಿನ ಮೇಲೆ ಕುಳಿತಳು.

“ಅಂಜಿಕಿ ಬಂತೇನಪಾ?” ಎಂದಳು.

“ಹೂಂ” ಎಂದೆ.