ಭಾವ ತಂದ ಪೊಲೀಸ್ ನಾಯಿ

ನನ್ನ ಗಂಡನ ಅಣ್ಣನಿಗೆ ಪೋತ್ನಾಳದಲ್ಲಿ ಅಕ್ಕಿ ಗಿರಣಿ ಇದೆ. ಗಿರಣಿಗಿಂತ ದೊಡ್ಡದು ಅವರ ಗತ್ತು. ರಾಯಚೂರಿನಲ್ಲಿ ನಿವೃತ್ತಿಯಾದ ಪೊಲೀಸ್ ನಾಯಿಗಳನ್ನು ಸಾಕಲು ಕೊಡುತ್ತಾರೆಂದು ಕಿವಿಗೆ ಬಿದ್ದದ್ದೇ ತಡ, ಅವರಿವರಿಂದ ಹೇಳಿಸಿ ಒಂದು ಹೆಣ್ಣು ಲ್ಯಾಬ್ರಡಾರನ್ನು ತಂದುಕೊಂಡರು. ಬಾಂಬು ಹುಡುಕುತ್ತಿದ್ದ ನಾಯಿ. ಮೂತಿ ನರೆತಿತ್ತು, ಹಿಂಗಾಲು ಎಳೆಯುತ್ತಿತ್ತು.

ಅದನ್ನು ಇಷ್ಟು ವರ್ಷ ನೋಡಿಕೊಂಡಿದ್ದ ಪೇದೆ ಒಪ್ಪಿಸುವಾಗ, "ಬರೇ ನೆಲದ ಮ್ಯಾಲ ಮಲಗಸಬ್ಯಾಡ್ರಿ, ಅದರ ಕಾಲು ನೋಯ್ತಾವ್ರಿ" ಎಂದ. ಭಾವ ಮೊಬೈಲಿಗೆ ಮುಖ ಕೊಟ್ಟು ನಗುತ್ತಿದ್ದರು. ಫೋಟೋ ಮುಗಿದ ಮೇಲೆ ನಾಯಿ ಗಿರಣಿಯ ಗೇಟಿಗೆ ಹೋಯಿತು, ಸರಪಳಿ ಸಮೇತ, ಸುಡುವ ಸಿಮೆಂಟಿನ ಮೇಲೆ.

ಒಮ್ಮೆ ನಾನು ಅಲ್ಲಿಗೆ ಹೋದಾಗ ಓರಗಿತ್ತಿಯ ಬಂಗಾರದ ಸರ ಕಾಣೆಯಾಗಿತ್ತು. ಅಕ್ಕಿ ಹಸನು ಮಾಡುವ, ದೇವದುರ್ಗದ ಕಡೆಯ ಹೆಂಗಸರನ್ನೆಲ್ಲ ಭಾವ ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದ್ದರು.

"ಪೊಲೀಸ್ ನಾಯಿ ಅದ. ಕದ್ದವರು ಯಾರಂತ ಈಗ ತೋರಸ್ತದ."

"ಭಾವಾರ, ಅದು ಬಾಂಬ್ ಹುಡುಕೋ ನಾಯಿರಿ. ಬಂಗಾರ ಅದಕ್ಕೇನ್ ಗೊತ್ತಾಗ್ತದ?" ಎಂದೆ.

"ನಿನಗೇನ್ ತಿಳಿತದ? ಸುಮ್ನಿರು."

ನಾಯಿ ಕುಂಟುತ್ತ ಸಾಲು ದಾಟಿ ಕೊನೆಯಲ್ಲಿದ್ದ ಮುದುಕಿಯ ನೆರಳಿಗೆ ಹೋಗಿ ಮಲಗಿತು. "ಸಿಕ್ತು!" ಎಂದು ಕೂಗಿದ ಭಾವ ಅವಳ ಚೀಲ ಕಿತ್ತು ನೆಲಕ್ಕೆ ಸುರಿದರು. ರೊಟ್ಟಿ, ಪುಂಡಿಪಲ್ಯ.

"ದಿನಾ ಅರ್ಧ ರೊಟ್ಟಿ ಹಾಕ್ತೀನ್ರಿ ಧಣೇರ, ಅದಕ್ಕ ಬಂದದ. ನೀವು ಹಾಕಂಗಿಲ್ಲಲ್ಲ," ಎಂದಳು ಮುದುಕಿ.

ಸಾಲಿನಲ್ಲಿ ಯಾರೋ ನಕ್ಕರು. ನಕ್ಕವರನ್ನು ಏನೂ ಮಾಡಲಾಗದೆ ಭಾವ ನಾಯಿಯ ಸೊಂಟಕ್ಕೆ ಒದ್ದರು. ಅಂಥ ಗಂಡಸಿನ ಶೌರ್ಯ ಅಷ್ಟಕ್ಕೇ. ನನಗೆ ಸಿಟ್ಟಿಗಿಂತ ಹೇಸಿಗೆಯಾಯಿತು. ಸರಪಳಿ ಹಿಡಿದು ನಾಯಿಯನ್ನು ಆಟೋಗೆ ಹತ್ತಿಸಿ ರಾಯಚೂರಿನ ಮನೆಗೆ ಕರೆತಂದೆ. ಅವರು ತಡೆಯಲಿಲ್ಲ. ಅಷ್ಟರಲ್ಲಿ ಅವರಿಗೂ ಅದು ಬೇಡವಾಗಿತ್ತು.

ಸರ ಓರಗಿತ್ತಿಯ ದಿಂಬಿನ ಗವಸಣಿಗೆಯಲ್ಲೇ ಸಿಕ್ಕಿತು. ಆ ಹೆಂಗಸರಿಗೆ ತಪ್ಪಾಯಿತೆಂದು ಒಂದು ಮಾತು ಹೇಳಿದಿರಾ ಎಂದು ಭಾವನನ್ನು ಫೋನಿನಲ್ಲಿ ಕೇಳಿದೆ.

"ಸಿಕ್ತಲ್ಲ, ಮತ್ತೇನ್ ಹೇಳೋದು?" ಎಂದರು.

ನಾಯಿ ನಮ್ಮ ಮನೆಯಲ್ಲಿ ಎರಡು ಚಳಿಗಾಲ ಬದುಕಿತು. ಹಾಸಿಗೆಯ ಮೇಲೆ ಮಲಗಿ, ಮೊಸರು ರೊಟ್ಟಿ ತಿಂದು, ನಿದ್ದೆಯಲ್ಲೇ ಹೋಯಿತು.

ಮೊನ್ನೆ ಮಾನ್ವಿಯ ಮದುವೆಯೊಂದರಲ್ಲಿ ಭಾವ ಸಿಕ್ಕರು. ನಾಯಿಯ ಬಗ್ಗೆ ಒಂದು ಮಾತು ಕೇಳಲಿಲ್ಲ. ಪೊಲೀಸರು ಮುದಿ ಕುದುರೆಗಳನ್ನೂ ಹೀಗೆ ಕೊಡುತ್ತಾರಾ ಎಂದು ಯಾರನ್ನೋ ವಿಚಾರಿಸುತ್ತಿದ್ದರು. ಅವರ ಪಕ್ಕದ ಕುರ್ಚಿ ಖಾಲಿ ಇತ್ತು. ನಾನು ನಿಂತೇ ಉಂಡೆ.