ಎರಡು ಕುರ್ಚಿಯ ಕುಬಸ

ಬಸ್ಸಿನಲ್ಲಿ ಸೀಟು ಸಿಗದೆ ಶಿಗ್ಗಾಂವಿಯಿಂದ ಹಾನಗಲ್ಲಿನವರೆಗೆ ನಿಂತೇ ಹೋಗಬೇಕಾಗಬಹುದಿತ್ತು. ಸಿಕ್ಕರೂ ಅದು ಹಿಂದಿನ ಗಾಲಿಯ ಮೇಲಿನ ಸೀಟಾಗಿರಬಹುದಿತ್ತು. ಬುತ್ತಿಯ ಗಂಟಿನ ಮೇಲೆ ಯಾರಾದರೂ ಕೂತು ಕಡಕ್ ರೊಟ್ಟಿಯೆಲ್ಲ ಪುಡಿಯಾಗಬಹುದಿತ್ತು. ಬಸ್ಸಿಳಿದ ಕೂಡಲೇ ಯಾರಾದರೂ ಬೆನ್ನಿಗೊಂದು ಗುದ್ದಿ, ಯಾವಾಗ ಬಂದೆ ಎಂದು ಕೇಳಬಹುದಿತ್ತು; ನಮ್ಮ ಬಳಗದಲ್ಲಿ ಪ್ರೀತಿಗೂ ಗುದ್ದಿಗೂ ಅಂತರ ಕಡಿಮೆ. ಜಮಖಾನದ ಮೇಲೆ ಕೂತವಳನ್ನು ಇಬ್ಬರು ರಟ್ಟೆ ಹಿಡಿದು ಎಬ್ಬಿಸಬೇಕಾಗಬಹುದಿತ್ತು. ಉಡಿ ತುಂಬುವಾಗ ಬೆರಳು ಸೋತು ತೆಂಗಿನಕಾಯಿ ಬಸುರಿಯ ಕಾಲ ಮೇಲೆ ಬೀಳಬಹುದಿತ್ತು. ಬೀಗರ ಹೆಸರು ಮರೆತುಹೋಗಬಹುದಿತ್ತು. ಆರತಿ ಹಾಡಿನ ನಡುವೆ ಆಕಳಿಕೆ ಬರಬಹುದಿತ್ತು. ಇದೆಲ್ಲದರ ಮೊದಲು, ಅವತ್ತು ಬೆಳಗ್ಗೆ ನನಗೆ ಏಳಲಿಕ್ಕೇ ಆಗದೆ ಹೋಗಬಹುದಿತ್ತು. ಹೆಚ್ಚು ಸಾಧ್ಯವಿದ್ದದ್ದು ಅದೇ ಆದ್ದರಿಂದ ಅದನ್ನು ಕೊನೆಗೆ ಉಳಿಸಿಕೊಂಡು ಚಿಂತಿಸುತ್ತಿದ್ದೆ, ಊಟದ ಕೊನೆಗೆ ಮಜ್ಜಿಗೆ ಅನ್ನ ಉಳಿಸಿಕೊಂಡ ಹಾಗೆ.

ಹಾನಗಲ್ಲಿನಲ್ಲಿ ನನ್ನ ತಂಗಿಯ ಮಗಳ ಕುಬಸವಿತ್ತು, ಎಂದರೆ ಸೀಮಂತ. ಈ ಹುಡುಗಿ ಕಾಲೇಜು ಓದಿದ್ದು ಶಿಗ್ಗಾಂವಿಯ ನಮ್ಮ ಮನೆಯಲ್ಲಿದ್ದುಕೊಂಡು. ನನ್ನ ಮೈನೋವನ್ನು ಮೊದಲು ನಂಬಿದವಳು ಅವಳು. ಮಿಕ್ಕವರಿಗೆ ಅದು ವಾಯು, ಇಲ್ಲವೇ ಬದನೆಕಾಯಿ ತಿಂದದ್ದರ ಫಲ, ಇಲ್ಲವೇ ಸೊಕ್ಕು. ರಕ್ತ ತಪಾಸಣೆಯ ವರದಿಗಳೆಲ್ಲ ಸರಿಯಾಗಿಯೇ ಇರುತ್ತಿದ್ದವು. ಆ ಕಾಗದಗಳಷ್ಟು ಆರೋಗ್ಯವಂತರು ನಮ್ಮ ಮನೆತನದಲ್ಲಿ ಬೇರೆ ಯಾರೂ ಇರಲಿಲ್ಲ. ಯಾರೋ ಹೇಳಿದರೆಂದು ಸವಣೂರಿಗೆ ಹೋಗಿ ಎಣ್ಣೆ ಹಚ್ಚಿಸಿಕೊಂಡೆ. ಆ ಹೆಂಗಸು ಎಷ್ಟು ಶ್ರದ್ಧೆಯಿಂದ ತಿಕ್ಕಿದಳೆಂದರೆ, ಮರುದಿನ ಯಾವುದು ರೋಗ ಯಾವುದು ಉಪಚಾರ ಎಂದು ಗೊತ್ತಾಗಲಿಲ್ಲ. ಬರುವಾಗ ಚಹಾದ ಜೊತೆ ತಿನ್ನಲು ತಂದ ಸವಣೂರ ಖಾರವೊಂದೇ ಆ ಪ್ರಯಾಣದ ಖಚಿತ ಲಾಭ.

ಕೊನೆಗೆ ಹುಬ್ಬಳ್ಳಿಯ ಡಾಕ್ಟರೊಬ್ಬರು ಅದಕ್ಕೆ ಫೈಬ್ರೊಮಯಾಲ್ಜಿಯಾ ಎಂದು ಹೆಸರು ಹೇಳಿದರು. ಪೂರ್ತಿ ಹೋಗುವಂಥದ್ದಲ್ಲ, ಕೊಲ್ಲುವಂಥದ್ದೂ ಅಲ್ಲ ಎಂದರು. ರಾತ್ರಿಗೊಂದು ಸಣ್ಣ ಗುಳಿಗೆ ಕೊಟ್ಟರು. ದಿನಾ ಅಷ್ಟಿಷ್ಟು ನಡೆಯಿರಿ, ಒಂದೇ ಹೊತ್ತಿಗೆ ಮಲಗಿರಿ ಎಂದರು. ನಾನು ಏಳುವ ಹೊತ್ತಿಗೆ ಇನ್ನೊಂದು ಮಾತು ಸೇರಿಸಿದರು.

"ಮೈ ಹಗುರಾದ ದಿನಾನ ನೀವು ಹುಷಾರಿರಬೇಕ್ರಿ."

ಆ ಮಾತು ಅರ್ಥವಾಗಲು ನನಗೆ ಒಂದು ಮದುವೆಯೇ ಬೇಕಾಯಿತು. ನಮ್ಮ ಕಡೆಯ ಹೆಂಗಸರು ಮೈ ಹಗುರಾದ ದಿನ ಸುಮ್ಮನೆ ಕೂರುವವರಲ್ಲ, ಅಟ್ಟದ ಡಬ್ಬಿಗಳನ್ನು ಇಳಿಸುವವರು. ಇದೇ ಹುಡುಗಿಯ ಮದುವೆಯ ಹಿಂದಿನ ದಿನ ನನ್ನ ಮೈ ಹೂವಿನಂತಿತ್ತು. ಆ ಖುಷಿಯಲ್ಲಿ ಕರಿದೆ, ತಿಕ್ಕಿದೆ, ಒಗೆದೆ, ಬೇರೆಯವರ ಕೈಯಿಂದಲೂ ಕೆಲಸ ಕಸಿದುಕೊಂಡು ಮಾಡಿದೆ. ಮರುದಿನ ಹಿರೇಕೆರೂರಿನ ಕಲ್ಯಾಣಮಂಟಪದಲ್ಲಿ ಮದುಮಕ್ಕಳ ಮೇಲೆ ಅಕ್ಕಿಕಾಳು ಬೀಳುವಾಗ ನಾನು ಹಿಂದಿನ ಕೋಣೆಯಲ್ಲಿ, ಯಾರದೋ ಸೂಟ್‌ಕೇಸಿನ ಪಕ್ಕ ಗೋಡೆಗೆ ಮುಖ ಮಾಡಿ ಮಲಗಿದ್ದೆ. ವಾದ್ಯದ ಸದ್ದು ಜೋರಾದದ್ದರಿಂದ ತಾಳಿ ಕಟ್ಟಿದರೆಂದು ತಿಳಿಯಿತು. ತಂಗಿ ಅದನ್ನು ಮರೆಯಲಿಲ್ಲ. ಆಮೇಲೆ ಅವಳ ಮನೆಯ ಗೃಹಪ್ರವೇಶಕ್ಕೂ ನಾನು ಹೋಗಲಾಗಲಿಲ್ಲ. ಕುಬಸದ ದಿನ ಗೊತ್ತು ಮಾಡಿ ಫೋನು ಮಾಡಿದಾಗ ಅವಳು ದನಿ ಏರಿಸಲಿಲ್ಲ.

"ಈ ಸಲಾನೂ ಬರಲಿಲ್ಲಂದ್ರ ಮುಂದ ನಾ ಕರಿಯೂದಿಲ್ಲಕ್ಕ. ಕರದು ಕರದು ನನಗೂ ನಾಚಿಕಿ ಬರತೈತಿ."

ಬರ್ತೇನಿ, ಬುತ್ತಿ ರೊಟ್ಟಿನೂ ತರ್ತೇನಿ ಎಂದುಬಿಟ್ಟೆ. ಮೈಯಲ್ಲಿ ಕಸುವಿಲ್ಲದವರು ಮಾತು ಕೊಡುವುದರಲ್ಲಿ ಧಾರಾಳಿಗಳು.

ಫೋನಿಟ್ಟ ಮೇಲೆ ಚಿಂತೆ ಶುರುವಾಯಿತು. ಆದರೆ ಕಡಕ್ ರೊಟ್ಟಿಯಲ್ಲಿ ಒಂದು ಗುಣವಿದೆ, ಅದು ಕೆಡುವುದಿಲ್ಲ. ಎಲ್ಲವನ್ನೂ ಒಂದೇ ದಿನ ಬಡಿಯಬೇಕೆಂದು ಯಾರೂ ಹೇಳಿಲ್ಲ. ಇಷ್ಟು ವರ್ಷ ರೊಟ್ಟಿ ಬಡಿದವಳಿಗೆ ಇದು ಹೊಳೆದಿರಲಿಲ್ಲ. ಬುತ್ತಿ ಎಂದರೆ ನಸುಕಿನಲ್ಲೆದ್ದು ಒಂದೇ ಉಸಿರಿಗೆ ಮುಗಿಸುವುದು; ನನ್ನ ಅವ್ವ ಹಾಗೇ ಮಾಡುತ್ತಿದ್ದಳು, ನಾನೂ ಮಾಡುತ್ತಿದ್ದೆ.

ಗ್ಯಾಸಿನ ಒಲೆಯನ್ನು ಕಟ್ಟೆಯಿಂದ ಇಳಿಸಿ ಗಿಡ್ಡ ಮೇಜಿನ ಮೇಲೆ ಇಟ್ಟೆವು. ಟೀಚರಾದ ನಾನು ಶಾಲೆಯಲ್ಲಿ ಕುರ್ಚಿಯ ಮೇಲೆ ಕೂತು ಪಾಠ ಮಾಡುವುದನ್ನು ಈಗಾಗಲೇ ಕಲಿತಿದ್ದೆ, ರೊಟ್ಟಿಯನ್ನೂ ಹಾಗೇ ಕೂತು ಬಡಿದೆ. ಕುದಿನೀರು ಹಾಕಿದ ಜೋಳದ ಹಿಟ್ಟು ಕೈ ತಡೆಯುವಷ್ಟು ಆರಿದಾಗ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದೆ. ಇಡೀ ದಿನದಲ್ಲಿ ಬೆರಳುಗಳು ನನ್ನವು ಅನ್ನಿಸುತ್ತಿದ್ದದ್ದು ಆಗ ಮಾತ್ರ. ಕೆಲವು ರೊಟ್ಟಿ ಬಡಿದು, ದಣಿಯುವ ಮೊದಲೇ ಏಳುತ್ತಿದ್ದೆ. ಕಷ್ಟವಿದ್ದದ್ದು ಇದರಲ್ಲೇ. ಹಿಟ್ಟು ಉಳಿದಿರುವಾಗ ಏಳುವುದೆಂದರೆ ನಮಗೆ ದೇವರ ಪೂಜೆ ಅರ್ಧಕ್ಕೆ ಬಿಟ್ಟ ಹಾಗೆ. ಹಂಚಿನ ಮುಂದೆ ಬಟ್ಟೆ ಹಿಡಿದು ರೊಟ್ಟಿ ಒತ್ತುವ ಕೆಲಸಕ್ಕೆ ನನ್ನ ಯಜಮಾನರನ್ನು ಹಚ್ಚಿದ್ದೆ. ಅವರು ಕಾಳಿನ ವ್ಯಾಪಾರದವರು, ಪ್ರತಿ ರೊಟ್ಟಿಯನ್ನೂ ಜೋಳದ ನಮೂನೆಯಂತೆ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಮೊದಲ ದಿನ ಅವರಿಗೆ ತಡೆಯಲಾಗಲಿಲ್ಲ.

"ಇನ್ನ ಹಿಟ್ಟೈತಲ್ಲ, ಮುಗಿಸಿಬಿಡ."

"ಹಿಟ್ಟು ಮುಗಿಯೂದರಾಗ ನಾನೂ ಮುಗಿತೇನ್ರಿ" ಎಂದೆ.

ಅವರು ಉಳಿದ ಹಿಟ್ಟಿನಲ್ಲಿ ತಾವೇ ಒಂದೆರಡು ಬಡಿದರು. ಅವು ದುಂಡಗಿರಲಿಲ್ಲ. ಅವನ್ನು ರಾತ್ರಿಯ ಊಟಕ್ಕೆ ಮುಗಿಸಿದೆವು.

ಮಧ್ಯದಲ್ಲಿ ಒಂದು ದಿನ ಮೈ ಹಗುರಾಯಿತು. ಕೈ ತಾನಾಗಿ ಅಟ್ಟದ ಕಡೆ ಹೋಯಿತು. ಅವತ್ತೂ ಅಷ್ಟೇ ರೊಟ್ಟಿ ಬಡಿದು, ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡು ಕಿಟಕಿಯಲ್ಲಿ ಹೆದ್ದಾರಿಯ ಬಸ್ಸುಗಳನ್ನು ನೋಡುತ್ತ ಕೂತೆ. ಖುಷಿಯೇನೂ ಆಗಲಿಲ್ಲ. ಯಾರದೋ ಮನೆಯ ಜಗಲಿಯಲ್ಲಿ ಕಾಯಲು ಕೂತವಳ ಹಾಗೆ ಇದ್ದೆ.

ಕುಬಸದ ದಿನ ಎದ್ದೆ. ಮೈ ಹಗುರಾಗಿರಲಿಲ್ಲ, ತೀರಾ ಭಾರವೂ ಇರಲಿಲ್ಲ. ತೊಯ್ದ ಗೋಣಿಚೀಲ ಅರ್ಧ ಒಣಗಿದ ಹಾಗಿತ್ತು. ಹೆಂಗಸರಿಗೆ ಪುಕ್ಕಟೆ ಆದಾಗಿನಿಂದ ಬಸ್ಸಿನಲ್ಲಿ ಸೀಟು ಹಿಡಿಯುವುದೇ ಒಂದು ಕುಸ್ತಿ, ಆದರೂ ಸಿಕ್ಕಿತು. ಅದೂ ಮುಂದಿನದು. ಬೆನ್ನಿಗೆ ಸಣ್ಣ ದಿಂಬಿಟ್ಟುಕೊಂಡೆ. ಯಜಮಾನರು ಬುತ್ತಿಯನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಹಾನಗಲ್ಲಿನಲ್ಲಿ ಯಾರೂ ಗುದ್ದಲಿಲ್ಲ. ತಂಗಿ ಬಾಗಿಲಿಗೆ ಬಂದು ಬುತ್ತಿ ಇಸಿದುಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿ, ನೀರು ತರಲು ಒಳಗೆ ಹೋದಳು.

ಪಡಸಾಲೆಯಲ್ಲಿ ರಂಗೋಲಿ ಹಾಕಿ ಮಣೆ ಇಟ್ಟಿದ್ದರು. ಹೆಂಗಸರೆಲ್ಲ ಜಮಖಾನದ ಮೇಲೆ ಕೂತಿದ್ದರು. ಹಿರೇಕೆರೂರಿನಿಂದ ಬಂದ ಬೀಗಿತ್ತಿ, ಎಂದರೆ ಹುಡುಗಿಯ ಅತ್ತೆ, ಗೋಡೆಗೆ ಒರಗಿದ್ದರು. ಅವರ ಹೆಸರು ನೆನಪಾಯಿತು. ಹುಡುಗಿ ಹಸಿರು ಸೀರೆಯುಟ್ಟು ಬಂದಳು, ಮಣೆಯನ್ನು ನೋಡಿದಳು, ಒಳಗಿನಿಂದ ಎರಡು ಪ್ಲಾಸ್ಟಿಕ್ ಕುರ್ಚಿ ತರಿಸಿ ರಂಗೋಲಿಯ ಅಂಚಿಗೆ ಎದುರುಬದುರು ಹಾಕಿಸಿದಳು. ಕುಬಸಕ್ಕೆ ಮಣೆಯ ಮೇಲೇ ಕೂರಬೇಕೆಂದು ಹಿರಿಯರೊಬ್ಬರು ಗೊಣಗಿದರು. ಅವಳು ನಿಧಾನವಾಗಿ ಕುರ್ಚಿಯಲ್ಲಿ ಕೂತು ಹೇಳಿದಳು:

"ನಂಗ ಕೆಳಗ ಕುಂತ್ರ ಏಳಾಕ ಆಗೂದಿಲ್ರಿ. ದೊಡ್ಡವ್ವಗೂ ಆಗೂದಿಲ್ಲ. ನಂದು ಸ್ವಲ್ಪ ದಿನಕ್ಕ ಇಳೀತೈತಿ, ಆಕಿದು ಇಳಿಯೂದಿಲ್ಲ. ಅಷ್ಟ ಫರಕು."

ಮೊದಲು ನಕ್ಕವರು ಬೀಗಿತ್ತಿ. ಅವರು ನಕ್ಕ ಮೇಲೆ ಉಳಿದವರಿಗೂ ನಗಲು ಅಡ್ಡಿಯಿರಲಿಲ್ಲ.

ನಾನು ಎದುರಿನ ಕುರ್ಚಿಯಲ್ಲಿ ಕೂತು ಉಡಿ ತುಂಬಿದೆ. ಅಕ್ಕಿಯನ್ನು ಎರಡೂ ಕೈ ಸೇರಿಸಿ, ಅರ್ಧರ್ಧ ಬೊಗಸೆಯಾಗಿ ಹಾಕಿದೆ. ತೆಂಗಿನಕಾಯಿ ಎತ್ತುವಾಗ ಬೆರಳು ಸೋತವು. ಆಗ ಕೆಳಗಿನಿಂದ ಇನ್ನೊಂದು ಅಂಗೈ ಬಂದು ಕಾಯಿಯನ್ನು ಆನಿಸಿಕೊಂಡಿತು. ತಂಗಿಯದು. ಅವಳು ನನ್ನ ಕಡೆ ನೋಡಲಿಲ್ಲ, ಆರತಿ ತಟ್ಟೆಯಲ್ಲಿ ಬತ್ತಿ ಕಡಿಮೆಯಾಗಿದೆ ಎಂದು ಯಾರಿಗೋ ಹೇಳುತ್ತಿದ್ದಳು. ಕಾಯಿ ಉಡಿ ಸೇರಿತು. ನನಗೆ ಅಳು ಬರಬೇಕಿತ್ತು. ಬರಲಿಲ್ಲ. ಕಾಲಿಗೆ ಹಿಡಿದ ಜೋಮು ಎದೆಯವರೆಗೂ ಏರಿದಂತಿತ್ತು. ಆಕಳಿಕೆ ಬರುತ್ತದೆಯೇನೋ ಎಂದಷ್ಟೇ ಯೋಚಿಸುತ್ತಿದ್ದೆ. ಅದೂ ಬರಲಿಲ್ಲ.

ಊಟದಲ್ಲಿ ರೊಟ್ಟಿ ಕಟುಂ ಕಟುಂ ಎಂದು ಮುರಿಯುವ ಸದ್ದು ಕೇಳಿಸಿತು. ಒಂದೂ ಮೆತ್ತಗಾಗಿರಲಿಲ್ಲ. ಉಂಡವಳೇ, ದಣಿಯುವ ಮೊದಲು ಏಳಬೇಕೆಂಬ ರೊಟ್ಟಿಯ ನಿಯಮದಂತೆ ಹೊರಟು ನಿಂತೆ. ಬಳೆ ಹಾಕುವುದು ಇನ್ನೂ ಬಾಕಿ ಇತ್ತು. ತಂಗಿಯ ಮುಖ ಬಿಗಿಯಿತು. ಈಗಲೇ ಹೊರಟೆಯಾ ಎಂದಳು. ನಾನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ಕುರ್ಚಿಯಿಂದಲೇ ಮಾತಾಡಿದಳು.

"ಹೋಗಲಿ ಬಿಡವ್ವ. ಆಕಿ ಮತ್ತ ಬರಬೇಕಂದ್ರ ಈಗ ಹೋಗಬೇಕು."

ತಂಗಿ ಒಳಗೆ ಹೋದಳು. ಆಮೇಲೆ ಕುಂಕುಮ ತಂದು ಹಚ್ಚಿ ಕಳಿಸಿದಳು. ಬಾಗಿಲಲ್ಲಿ ಊರಿನ ಚಪ್ಪಲಿಗಳೆಲ್ಲ ರಾಶಿ ಬಿದ್ದಿದ್ದವು. ಕಾಲು ತೂರಿಸಿಕೊಂಡು ನಡೆದೆ.

ಬಸ್ಸಿನಲ್ಲಿ ಮರಳಿ ಸೀಟು ಸಿಕ್ಕಿತು. ಶಿಗ್ಗಾಂವಿಯಲ್ಲಿ ಇಳಿದು ಮನೆಯವರೆಗೆ ನಡೆದೇ ಬಂದೆವು. ಆಗದೆ ಉಳಿದ ಅನಾಹುತಗಳನ್ನೆಲ್ಲ ಮನಸ್ಸಿನಲ್ಲೇ ಒಂದೊಂದಾಗಿ ಬದಿಗಿಟ್ಟೆ. ಲೆಕ್ಕದಿಂದ ಏನೋ ತಪ್ಪಿಸಿಕೊಂಡಿದೆ ಎಂದು ಒಳಗೊಳಗೇ ಕಸಿವಿಸಿ. ಮನೆಯ ಮೆಟ್ಟಿಲ ಹತ್ತಿರ ಯಜಮಾನರು ನನ್ನ ಪಾದಗಳನ್ನು ನೋಡುತ್ತ ನಿಂತುಬಿಟ್ಟರು. ಅಷ್ಟರಲ್ಲಿ ತಂಗಿಯ ಫೋನು ಬಂತು.

"ಅಕ್ಕ, ಬೀಗಿತ್ತಿ ನಿನ್ನ ಕರೀ ಚಪ್ಪಲಿ ಒಂದ ಕಾಲಿಗೆ ಹಾಕ್ಕೊಂಡು ಕುಂತಾರ. ಅವರದೊಂದು ಕಂದು ಚಪ್ಪಲಿ ನಿನ್ನ ಕಾಲಾಗ ಐತಂತ. ನಾಡಿದ್ದ ತನಕ ಇಲ್ಲೇ ಇರ್ತಾರ, ತಗೊಂಡು ಬಾ."

ನೋಡಿಕೊಂಡೆ. ಬೀಗಿತ್ತಿಯದು ನನ್ನದಕ್ಕಿಂತ ಉದ್ದ, ಅಡಿಯೂ ದಪ್ಪ. ಹಾನಗಲ್ಲಿನಿಂದ ಇಲ್ಲಿಯವರೆಗೆ ನನ್ನ ಕಾಲಿಗೆ ಅದು ಗೊತ್ತೇ ಆಗಿರಲಿಲ್ಲ. ಎಡಗಾಲಿನದು ಮಾತ್ರ; ಬಲಗಾಲಿನದು ನನ್ನದೇ.