ಬಾಸ್ ಮೀನಿನ ನೋಟ್‌ಬುಕ್ಕು

ಅಮೆರಿಕದ ನೋವೈ ಊರಿನ ದ್ವಾರಕಾನಾಥರು ಮೂವತ್ತೊಂದು ವರ್ಷ ಕಾರಿನ ಬ್ರೇಕುಗಳನ್ನು ಪರೀಕ್ಷಿಸಿ ನಿವೃತ್ತರಾದವರು. ಒಂದು ಸಲಕ್ಕೆ ಒಂದೇ ಅಂಶ ಬದಲಿಸಬೇಕು, ಉಳಿದದ್ದನ್ನು ಮುಟ್ಟಕೂಡದು ಎಂಬುದು ಅವರ ಧರ್ಮ. ಉಪ್ಪಿಟ್ಟಿಗೆ ಉಪ್ಪು ಜಾಸ್ತಿಯಾದರೂ, "ರವೆ ಹೊಸ ಪ್ಯಾಕೆಟ್ಟಾ?" ಎಂದು ವಿಚಾರಣೆ ಶುರುಮಾಡುವವರು.

ಬೀಳ್ಕೊಡುಗೆಗೆ ಆಫೀಸಿನವರು ಗಾಳದ ಕೋಲು ಕೊಟ್ಟರು. ಕೈಗೆ ಬಂದ ವಸ್ತುವನ್ನು ಪರೀಕ್ಷಿಸದೆ ಬಿಡುವ ಜಾಯಮಾನ ಅವರದಲ್ಲ. ಮನೆ ಹಿಂದಿನ ಕೆರೆಯಲ್ಲಿ ಬಾಸ್ ಮೀನಿದೆಯೆಂದು ಪಕ್ಕದ ಮನೆಯವರು ಹೇಳಿದ್ದೇ ಸಾಕಾಯಿತು. ರಬ್ಬರಿನ ಹುಳು, ಮೀನಿಗೆ ನೋವಾಗದಂತೆ ಮುಳ್ಳು ಚಪ್ಪಟೆ ಮಾಡಿದ ಕೊಕ್ಕೆ, ಹಿಡಿದದ್ದನ್ನು ನೀರಿಗೇ ಬಿಡುವ ನಿಯಮ, ಎಲ್ಲ ಸಿದ್ಧವಾದವು. ಮನೆಯಲ್ಲಿ ಮೊಟ್ಟೆಗೂ ಪ್ರವೇಶವಿರಲಿಲ್ಲ.

"ಬಿಡೋದೇ ಆದ್ರೆ ಹಿಡಿಯೋದ್ಯಾಕ್ರೀ?" ಎಂದರು ಹೆಂಡತಿ ಪದ್ಮ.

"ಇದೆ ಅಂತ ಪ್ರೂವ್ ಆಗ್ಬೇಕಲ್ಲ!"

ಮೂರು ಬೇಸಿಗೆ ಕಳೆದರೂ ಪ್ರೂವ್ ಆಗಲಿಲ್ಲ. ಬಿಸಿಲೇರಿದರೆ ಬಾಸ್ ಆಳಕ್ಕಿಳಿಯುತ್ತದೆ. ಬೆಳಕು ಹರಿಯುವಾಗ, ಹೊತ್ತು ಮುಳುಗುವಾಗ ಮಾತ್ರ ದಡದತ್ತ ಬರುತ್ತದೆ. ಹಾಗಾಗಿ ದಿನಕ್ಕೆರಡು ಸಲ, ಕೆರೆಯೊಳಕ್ಕೆ ಚಾಚಿದ ಮರದ ಡಾಕಿನ ತುದಿಯಲ್ಲಿ ನಿಂತು ಗಾಳ ಬೀಸುತ್ತಿದ್ದರು. ಥರ್ಮಾಮೀಟರ್ ಓದಲು ಬಗ್ಗಿ ಗಂಡ ನೀರಿಗೆ ಬಿದ್ದಾರೆಂದು ಪದ್ಮ ಕಾವಲು ಬರುತ್ತಿದ್ದರು. ದಡದ ಕಡೆಯ ತುದಿಯಲ್ಲಿ ಕೂತು, ಅಮ್ಮ ಊರಿನ ಕಲ್ಯಾಣಿಯಲ್ಲಿ ಮಾಡುತ್ತಿದ್ದ ಹಾಗೆ, ಸಣ್ಣ ಮೀನುಗಳಿಗೆ ಕಡ್ಲೆಪುರಿ ಎಸೆಯುತ್ತಿದ್ದರು.

ನೋಟ್‌ಬುಕ್ಕಿನಲ್ಲಿ ನೀರಿನ ಉಷ್ಣತೆ, ಗಾಳಿ, ಮೋಡ, ಹುಳುವಿನ ಬಣ್ಣ ದಾಖಲಾಗುತ್ತಿದ್ದವು. ಪ್ರತಿ ಪುಟದ ನೆತ್ತಿಯಲ್ಲೂ ಒಂದೇ ಸಾಲು: "ಬದಲಾಗದವು: ಕೆರೆ, ಡಾಕ್, ಪದ್ಮ."

ಈ ಜೂನ್‌ನಲ್ಲಿ ಪದ್ಮ ತೀರ್ಪು ಕೊಟ್ಟರು. "ಶನಿವಾರ ಗರಾಜ್ ಸೇಲು, ಹಳೇ ಸಾಮಾನೆಲ್ಲ ಮಾರೋದು. ಅಷ್ಟರಲ್ಲಿ ಒಂದು ಬಾಸ್ ತೋರ್ಸಿ. ಇಲ್ದಿದ್ರೆ ನಿಮ್ಮ ಕೋಲು ಟೇಬಲ್ ಮೇಲೆ." ಮಾತಿಗೆ ತಪ್ಪಬಾರದೆಂದು ಕೋಲಿಗೆ ಬೆಲೆಯ ಕಿತ್ತಳೆ ಸ್ಟಿಕ್ಕರನ್ನೂ ಅಂಟಿಸಿದರು.

ಶನಿವಾರ ಬೆಳಗಿನ ಐದು ಮುಕ್ಕಾಲು. ನೀರು ಎಪ್ಪತ್ಮೂರು ಡಿಗ್ರಿ ಫ್ಯಾರನ್‌ಹೀಟ್, ಗಾಳಿಯಿಲ್ಲ, ತೆಳುಮೋಡ. ಮೂರು ವರ್ಷದಲ್ಲಿ ಇಷ್ಟು ಒಳ್ಳೆಯ ಅಂಕಿಗಳು ಒಟ್ಟಿಗೆ ಬಂದಿರಲಿಲ್ಲ. ಇಪ್ಪತ್ತು ಸಲ ಬೀಸಿದರು. ಗಾಳಕ್ಕೆ ಜೊಂಡು ಸಿಕ್ಕಿತು. ಮರಗಳ ಹಿಂದೆ ಸೂರ್ಯ ಕಾಣಿಸಿಕೊಂಡ.

ಬೆನ್ನ ಹಿಂದೆ 'ಬುಳಕ್' ಎಂದಿತು.

"ಪದ್ಮ, ಕಾಲಾಡಿಸ್ಬೇಡ ಅಂತ ಎಷ್ಟು ಸಲ ಹೇಳೋದು! ಮೀನು ಹೆದರುತ್ತೆ!"

"ಮೂರು ವರ್ಷದಿಂದ ಬೈತಾನೇ ಇದೀರಿ. ನಾನು ಚಕ್ಕಳಮಕ್ಕಳ ಹಾಕ್ಕೊಂಡು ಕೂತಿದೀನಿ, ತಿರುಗಿ ನೋಡಿ!"

ಅವರು ಮೊದಲ ಬಾರಿ ತಿರುಗಿ ನೋಡಿದರು. ಪದ್ಮರ ಕಾಲು ಎರಡೂ ಡಾಕಿನ ಮೇಲಿದ್ದವು. ಕೆಳಗೆ ಕಡ್ಲೆಪುರಿಗೆ ಮರಿಮೀನುಗಳು ಮುತ್ತಿದ್ದವು. ಅವುಗಳ ಹಿಂದೆ, ಡಾಕಿನ ನೆರಳಲ್ಲಿ, ಮೊಳಕ್ಕೆ ತುಸು ಕಡಿಮೆಯ ಒಂದು ಹಸಿರು ಬೆನ್ನು ನಿಧಾನವಾಗಿ ಹೊರಳಿತು.

"ಈ ದಪ್ಪಂದಾ? ದಿನಾ ಬರುತ್ತಲ್ಲ," ಎಂದರು ಪದ್ಮ.

"ಹೇಳ್ಬಾರ್ದಿತ್ತಾ?"

"ಮಾತಾಡ್ಬೇಡ ಅಂದಿದ್ರಲ್ಲ!"

ದ್ವಾರಕಾನಾಥರು ಬೆಕ್ಕಿನ ಹೆಜ್ಜೆಯಲ್ಲಿ ಬಂದು ಹೆಂಡತಿಯ ಪಕ್ಕ ಮೊಣಕಾಲೂರಿದರು. "ಇನ್ನೊಂದು ಹಿಡಿ ಹಾಕು," ಎಂದು ಪಿಸುಗುಟ್ಟಿದರು. ಪುರಿ ಬಿತ್ತು, ಹುಳು ಬಿತ್ತು, ಕೋಲು ಬಿಲ್ಲಾಯಿತು. ಪದ್ಮ ಗಂಡನ ಶರಟಿನ ಹಿಂಬದಿಯನ್ನು ಎರಡೂ ಕೈಯಲ್ಲಿ ಹಿಡಿದು, "ಬಿಡ್ಬೇಡಿ ರೀ, ಬಿಡ್ಬೇಡಿ!" ಎಂದು ಕೂಗಿದ ಸದ್ದಿಗೆ ಆಚೆ ದಡದ ಬಾತುಗಳು ಎದ್ದವು.

ಹದಿನಾರೂಕಾಲು ಇಂಚು. ಒಂದು ಫೋಟೊ ತೆಗೆದು ಬಿಟ್ಟರು. ಅದು ಹೋದದ್ದು ಮತ್ತೆ ಡಾಕಿನ ಕೆಳಗೇ.

ಎಂಟು ಗಂಟೆಗೆ ಗರಾಜ್ ಸೇಲಿಗೆ ಬಂದ ಮೊದಲ ಗಿರಾಕಿ, ಗೋಡೆಗೊರಗಿದ್ದ ಕೋಲಿನ ಕಿತ್ತಳೆ ಸ್ಟಿಕ್ಕರ್ ನೋಡಿ ಕೈ ಹಾಕಿದ. "ನೋ ನೋ, ನಾಟ್ ಫಾರ್ ಸೇಲ್!" ಎಂದು ಪದ್ಮ ಓಡಿಬಂದು ಕಿತ್ತುಕೊಂಡರು.

ದ್ವಾರಕಾನಾಥರು ಒಳಗೆ ಕೂತು ಹೊಸ ಪುಟ ತೆರೆದಿದ್ದರು. "ಬದಲಾಗದವು: ಕೆರೆ, ಡಾಕ್" ಎಂದು ಬರೆದು ನಿಲ್ಲಿಸಿ, ಸ್ಕೇಲಿಟ್ಟು ಒಂದು ಹೊಸ ಕಾಲಂ ಎಳೆದರು.

"ಪದ್ಮ, ಒಂದು ಹಿಡಿ ಅಂದ್ರೆ ಎಷ್ಟು ಗ್ರಾಮು?"